ವಾಗೀಶ್ ಸರ್ ಅವರ ಬೂದಿದಿಬ್ಬ

ಆದವಾನಿಯ ವಾಗೀಶ್ ಸರ್ ಅವರನ್ನು ನಾನು ಹತ್ತೊಂಬತ್ತು ವರ್ಷಗಳಿಂದ ಬಲ್ಲೆ. ಒಂದೇ ಹೈಸ್ಕೂಲು, ಒಂದೇ ಸ್ಟಾಫ್ ರೂಮು. ಅವರದು ವಿಜ್ಞಾನ, ನನ್ನದು ಸಮಾಜ. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅಂಥವರನ್ನು ಗುರುತು ಹಿಡಿದು ದೂರ ಇಟ್ಟರಾಯಿತು. ಇವರದು ಬೇರೆ ರೋಗ. ಎದುರಿಗೆ ನಾಲ್ಕು ಜನ ಕೂತು ತಲೆದೂಗಿದರೆ ಸಾಕು, ಈ ಮನುಷ್ಯ ಯಾವ ಮಾತು ಬೇಕಾದರೂ ಆಡಿಬಿಡುತ್ತಾರೆ. ಅವರ ಹೆಂಡತಿ ಮಹಾಂತಮ್ಮ ಒಮ್ಮೆ ನನ್ನೆದುರಿಗೇ ಹೇಳಿದಳು:

“ಚಪ್ಪಾಳಿ ಹೊಡದು ಕೇಳಿದ್ರ ಇವ್ರು ಮನೀನಾ ಬರದು ಕೊಡ್ತಾರ್ರಿ, ಭುವನಾ ಟೀಚರ್.”

ಸರ್ ಪಕ್ಕದಲ್ಲೇ ಕೂತಿದ್ದರು. ತಮ್ಮನ್ನು ಹೊಗಳಿದಳೆಂದೇ ತಿಳಿದು ನಕ್ಕರು.

ಅವರ ತಂದೆ ಹತ್ತಿ ಮಿಲ್ಲಿನಲ್ಲಿ ಗುಮಾಸ್ತ. ಮಗ ಬಿ.ಎಸ್ಸಿ., ಬಿ.ಇಡಿ. ಮುಗಿಸಿ, ಇದ್ದೂರಲ್ಲೇ ಕೆಲಸ ಸಿಕ್ಕು, ಇದ್ದೂರಲ್ಲೇ ಮದುವೆಯಾಗಿ, ಕೋಟೆಬೆಟ್ಟದ ಕೆಳಗಿನ ಓಣಿಯಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿಕೊಂಡವರು. ತರಗತಿಯಲ್ಲಿ ಪ್ರತಿ ವರ್ಷ ಮಣ್ಣಿನ ಗುಡ್ಡ ಮಾಡಿ, ಅದರೊಳಗೆ ಸೋಡಾ ಪುಡಿ ಹಾಕಿ ನಿಂಬೆರಸ ಹಿಂಡಿ ಜ್ವಾಲಾಮುಖಿ ಉಕ್ಕಿಸುತ್ತಿದ್ದರು. ಮಕ್ಕಳು ಕೇಕೆ ಹಾಕುತ್ತಿದ್ದವು. ಕೇಕೆ ಕೇಳಿದ ಮೇಲೆ ಸರ್ ಮತ್ತೊಮ್ಮೆ ಉಕ್ಕಿಸುತ್ತಿದ್ದರು, ಮರುದಿನ ಇನ್ನೊಮ್ಮೆ. ಆಮ್ಲ ಎಂದರೇನು, ಕ್ಷಾರ ಎಂದರೇನು ಎಂಬ ಪಾಠ ಹಾಗೇ ಉಳಿದು, ಮಾರ್ಚಿನಲ್ಲಿ ಮಕ್ಕಳು ಗೈಡು ತೆರೆದು ಬಾಯಿಪಾಠ ಮಾಡುತ್ತಿದ್ದವು.

ಇಂಥವರಿಗೆ ಸರಿಯಾದ ಜಾಗವೊಂದು ಬೇಕಿತ್ತು. ಅದನ್ನು ಒದಗಿಸಿದವರು ಮರಿಬಸಪ್ಪನವರು. ಊರಿನ ಸಾವ್ಕಾರರು, ಎರಡು ಜಿನ್ನಿಂಗ್ ಮಿಲ್ಲುಗಳ ಮಾಲೀಕರು. ವರ್ತಕರ ಸಂಘದ ಚುನಾವಣೆಯಲ್ಲಿ ಎರಡು ಸಲ ಸೋತು, ಯಾವುದಕ್ಕಾದರೂ ಸರಿ, ಅಧ್ಯಕ್ಷರಾಗಲೇಬೇಕೆಂದು ಹಟ ಹಿಡಿದಿದ್ದರು. ಊರಿನ ಗುಡಿಗಳಿಗೆಲ್ಲ ಆಗಲೇ ಅಧ್ಯಕ್ಷರಿದ್ದರು, ಮಠಕ್ಕೂ ಇದ್ದರು, ಗೋಶಾಲೆಗೂ ಇದ್ದರು. ವಿಜ್ಞಾನ ಮಾತ್ರ ಖಾಲಿ ಇತ್ತು. ಹಾಗೆ ಹುಟ್ಟಿದ್ದು ‘ಆದವಾನಿ ಶೋಧ ವಿಜ್ಞಾನ ಕೂಟ’. ನನ್ನ ಅಕ್ಷರ ದುಂಡಗಿದೆಯೆಂಬ ಒಂದೇ ಕಾರಣಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದರು. ಬೇಡವೆನ್ನಬಹುದಿತ್ತು. ಅನ್ನಲಿಲ್ಲ.

ಪ್ರತಿ ತಿಂಗಳ ಎರಡನೆಯ ಭಾನುವಾರ ಮಿಲ್ಲಿನ ಗೋದಾಮಿನ ಮೇಲಿನ ಹಾಲಿನಲ್ಲಿ ಉಪನ್ಯಾಸ. ಹಲ್ಲಿನ ಡಾಕ್ಟರು ಬಂದು ಚಂದ್ರನ ಬಗ್ಗೆ ಮಾತಾಡಿದರು. ಬೋರ್‌ವೆಲ್ಲಿಗೆ ನೀರು ತೋರಿಸುವವನೊಬ್ಬ ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿ ಇದೂ ವಿಜ್ಞಾನವೇ ಅಂದ, ಎಲ್ಲರೂ ಹೌದಂದರು. ಮಂಡಕ್ಕಿ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ ಇದ್ದ ದಿನ ಅರವತ್ತು ಜನ ಸೇರುತ್ತಿದ್ದರು, ಬರೀ ಚಹಾ ಬಿಸ್ಕತ್ತಿನ ದಿನ ಹನ್ನೆರಡು. ಇನ್ನು ಕ್ಷೇತ್ರ ಪ್ರವಾಸ ಅಂತ ಮೊದಲ ಸಲ ನಮ್ಮೂರ ಕೋಟೆಬೆಟ್ಟಕ್ಕೇ ಹೋದೆವು. ಅರ್ಧ ಮೆಟ್ಟಿಲು ಹತ್ತಿ, ಬುತ್ತಿ ಬಿಚ್ಚಿ ತಿಂದು, ಫೋಟೋ ತೆಗೆಸಿಕೊಂಡು ಇಳಿದೆವು. ಎರಡನೆಯ ಸಲ ಕೃಷಿ ವಿಜ್ಞಾನ ನೋಡಲೆಂದು ಪತ್ತಿಕೊಂಡದ ಟೊಮೇಟೊ ಮಾರ್ಕೆಟ್ಟಿಗೆ ಹೋದೆವು. ಸದಸ್ಯರು ತಲೆಗೊಂದು ಬುಟ್ಟಿ ಟೊಮೇಟೊ ಖರೀದಿಸಿ ಬಸ್ಸಿನಲ್ಲಿ ಹೇರಿಕೊಂಡು ಬಂದರು. ವರದಿಯಲ್ಲಿ ನಾನು ‘ಪ್ರವಾಸ ಫಲಪ್ರದವಾಯಿತು’ ಎಂದು ಬರೆದೆ.

ಈ ಕೂಟಕ್ಕೆ ವಾಗೀಶ್ ಸರ್ ಕಾಯಂ ಭಾಷಣಕಾರರು. ಬೇರೆ ಯಾರೂ ಸಿಗದ ತಿಂಗಳು ಅವರೇ. ಅವರೂ ಸಂತೋಷದಿಂದಲೇ ಹೋಗುತ್ತಿದ್ದರು.

ಆದರೆ ಒಂದು ಸಲ, ಅವರ ಐವತ್ತಾರು ವರ್ಷದ ಬಾಳಿನಲ್ಲಿ ಒಂದೇ ಸಲ, ಆ ಮನುಷ್ಯ ನಿಜವಾದ ಕೆಲಸ ಮಾಡಿದರು. ಅದನ್ನು ಹೇಳದಿದ್ದರೆ ನಾನು ಸುಳ್ಳು ಹೇಳಿದಂತಾಗುತ್ತದೆ.

ಹೋದ ಲೋಕಸಭಾ ಚುನಾವಣೆಯಲ್ಲಿ ಅವರಿಗೆ ದೇವನಕೊಂಡದ ಆಚೆ ಒಂದು ಹಳ್ಳಿಯಲ್ಲಿ ಡ್ಯೂಟಿ ಬಿತ್ತು. ಮತದಾನದ ಹಿಂದಿನ ದಿನ ಸಂಜೆ, ಮತಗಟ್ಟೆಯಾಗಿದ್ದ ಶಾಲೆಯ ಪಾಯಖಾನೆಗೆ ಬೀಗ ಹಾಕಿದ್ದರಿಂದ, ಚೆಂಬು ಹಿಡಿದು ಹೊಲದ ಕಡೆ ಹೋದವರಿಗೆ ಕಪ್ಪು ನೆಲದ ನಡುವೆ ಬೂದುಬಣ್ಣದ ದಿಬ್ಬವೊಂದು ಕಂಡಿತು. ಆಳೆತ್ತರ, ಒಂದು ಕಣದಷ್ಟು ಅಗಲ. ಕಾಲಲ್ಲಿ ಒದ್ದರೆ ಬೂದಿ. ನಡುನಡುವೆ ಗಾಜಿನಂತೆ ಕರಗಿ ಗಟ್ಟಿಯಾದ ಉಂಡೆಗಳು, ಮಡಕೆ ಚೂರು, ದನದ ಮೂಳೆ. ಸರ್ ಚೆಂಬನ್ನು ಅಲ್ಲೇ ಬಿಟ್ಟು ಬಂದರಂತೆ. ಲೋಹವಿನ್ನೂ ಗೊತ್ತಿರದ ಕಾಲದ ದನಗಾಹಿಗಳು ದೊಡ್ಡಿಯ ಸಗಣಿ ಒಟ್ಟಿ, ಸುಟ್ಟು, ಮತ್ತೆ ಒಟ್ಟಿ, ಮತ್ತೆ ಸುಟ್ಟು, ತಲೆಮಾರುಗಟ್ಟಲೆ ಬೆಳೆಸಿದ ಬೂದಿದಿಬ್ಬಗಳು ಬಳ್ಳಾರಿ ಸೀಮೆಯಲ್ಲಿ ಇವೆಯೆಂದು ಅವರು ಓದಿದ್ದರು. ಈ ದಿಬ್ಬದ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ.

ಹೊಲ ಯಂಕಣ್ಣ ಎಂಬ ರೈತನದು. ನಾಲ್ಕು ಎಕರೆ, ಮಳೆ ನಂಬಿದ ಭೂಮಿ. ದಿಬ್ಬವನ್ನು ಅವರ ಮನೆಯಲ್ಲಿ ಯಾರೂ ಉತ್ತಿರಲಿಲ್ಲ. ಯಾಕೆಂದು ಸರ್ ಕೇಳಿದಾಗ ಅವನ ತಾಯಿ ಶಂಕರಮ್ಮ, “ನಮ್ಮತ್ತಿ ಹೇಳಿದ್ಲು. ಅದು ದನಗಳ್ದು, ಮನುಷ್ಯಾರ್ದಲ್ಲ, ಕೈ ಹಚ್ಚಬ್ಯಾಡ್ರಿ ಅಂತ,” ಎಂದಿದ್ದಳು. ಇಷ್ಟು ಸರಿಯಾದ ಮಾತನ್ನು ನಮ್ಮ ಕೂಟದಲ್ಲಿ ಯಾವ ಭಾಷಣಕಾರನೂ ಆಡಿದ್ದಿಲ್ಲ.

ಅಲ್ಲಿಂದ ಐದು ತಿಂಗಳು ಸರ್ ಬಾಯಿ ಮುಚ್ಚಿಕೊಂಡಿದ್ದರು. ನನಗೊಬ್ಬಳಿಗೇ ಹೇಳಿದ್ದು. ಭಾನುವಾರ ಬೆಳಗಿನ ಬಸ್ಸು ಹತ್ತಿ, ದೇವನಕೊಂಡದಲ್ಲಿ ಇಳಿದು, ಶೇರ್ ಆಟೋದಲ್ಲಿ ತೂಗಾಡಿಕೊಂಡು ಹೋಗಿ ಅಳತೆ ಹಿಡಿದರು, ಪದರ ಎಣಿಸಿದರು, ಚಿತ್ರ ಬರೆದರು. ನೋಟುಬುಕ್ಕು ನೋಡಿ ನನಗೆ ಆಶ್ಚರ್ಯವಾಯಿತು. ಒಂದೂ ಉತ್ಪ್ರೇಕ್ಷೆಯಿಲ್ಲ, ‘ಗೊತ್ತಿಲ್ಲ’ ಎಂದು ಏಳು ಕಡೆ ಬರೆದಿದ್ದರು. ಯಂಕಣ್ಣನ ಮಗ ಭರತ್ ಚುರುಕಾಗಿದ್ದಾನೆಂದು ತಾವೇ ಓಡಾಡಿ ಆದವಾನಿಯ ಹಾಸ್ಟೆಲ್ಲಿನಲ್ಲಿ ಸೀಟು ಕೊಡಿಸಿ, ನಮ್ಮ ಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಸೇರಿಸಿದರು. ಯಂಕಣ್ಣ ಅವರ ಕಾಲಿಗೆ ಬಿದ್ದನಂತೆ. ರಸ್ತೆಗೆ ಮಣ್ಣು ಬೇಕೆಂದು ಒಬ್ಬ ಕಂಟ್ರಾಕ್ಟರು ದಿಬ್ಬ ಕೇಳಲು ಬಂದಾಗ, “ನಮ್ ಸಾರ್‌ಗೆ ಮಾತು ಕೊಟ್ಟೀನಿ, ಹೋಗಪ್ಪ” ಎಂದು ಟ್ರಾಕ್ಟರನ್ನು ವಾಪಸು ಕಳಿಸಿದ.

ಸರ್ ವಿಶ್ವವಿದ್ಯಾಲಯವೊಂದಕ್ಕೆ ಪತ್ರ ಬರೆದರು. ಹರ್ಷಿತಾ ಎಂಬ ಸಂಶೋಧಕಿಯಿಂದ ಉತ್ತರ ಬಂತು. ಸಂಕ್ರಾಂತಿ ಆದಮೇಲೆ ಬರುತ್ತೇನೆ, ದಿಬ್ಬದ ಬುಡದ ಪದರದಿಂದ ಇದ್ದಿಲು ತೆಗೆದು ಕಾಲ ನಿರ್ಣಯ ಮಾಡೋಣ, ವರದಿಯಲ್ಲಿ ನಿಮ್ಮ ಹೆಸರಿರುತ್ತದೆ, ಅಲ್ಲಿಯವರೆಗೆ ಯಾರೂ ಮುಟ್ಟದಂತೆ ನೋಡಿಕೊಳ್ಳಿ, ಪದರ ಕದಡಿದರೆ ಏನೂ ಉಳಿಯುವುದಿಲ್ಲ. ಆ ಕಾಗದವನ್ನು ಸರ್ ಮಡಚಿ ಜೇಬಿನಲ್ಲಿಟ್ಟುಕೊಂಡು ತಿರುಗಿದರು. ಎರಡು ತಿಂಗಳು ಬಾಯಿ ಬಿಗಿಹಿಡಿದರೆ ಸಾಕಿತ್ತು. ಎರಡೇ ತಿಂಗಳು.

ಕಾರ್ತಿಕ ಮಾಸದ ಭಾನುವಾರ ಕೂಟದ ಉಪನ್ಯಾಸ ಬಂತು. ಬರಬೇಕಾಗಿದ್ದ ಭಾಷಣಕಾರ ಕೈಕೊಟ್ಟ. ಸರ್ ನಿಂತರು. “ಹಳೇ ಕಾಲದ ದನಗಾಹಿಗಳ ಬಗ್ಗೆ ಮಾತಾಡ್ತೀನಿ. ಜಾಗ ಹೇಳೋದಿಲ್ಲ,” ಎಂದು ನನಗೆ ಆಣೆ ಮಾಡಿದ್ದರು.

ಉಗ್ಗಾಣಿ ಇತ್ತು, ಸಭೆ ತುಂಬಿತ್ತು. ಎಲ್ಲರ ಹಣೆಯ ಮೇಲೂ ಕಾರ್ತಿಕದ ದಪ್ಪ ವಿಭೂತಿ. ಮೊದಲ ಇಪ್ಪತ್ತು ನಿಮಿಷ ಸರ್ ಚೆನ್ನಾಗಿಯೇ ಮಾತಾಡಿದರು. ಅದಕ್ಕೇ ಯಾರೂ ಕೇಳಲಿಲ್ಲ. ಹತ್ತಿ ದಲಾಲರು ಮೊಬೈಲಿನಲ್ಲಿ ರೇಟು ನೋಡುತ್ತಿದ್ದರು. ಮುಂದಿನ ಸಾಲಿನಲ್ಲಿ ಒಬ್ಬರು ಬಾಯಿಗೆ ಕೈ ಕೂಡ ಅಡ್ಡ ಹಿಡಿಯದೆ ಆಕಳಿಸಿದರು. ಮರಿಬಸಪ್ಪನವರು ಗಡಿಯಾರ ನೋಡಿಕೊಂಡರು. ಸರ್ ಮುಖ ಸಣ್ಣದಾಯಿತು.

ಅವರು ಜೇಬಿನಿಂದ ಚಿಕ್ಕ ಗಾಜಿನ ಶೀಶೆ ತೆಗೆದು ಮೇಲೆತ್ತಿದರು.

“ಇದೇನು ಗೊತ್ತೇನ್ರಿ? ಆಕಳ ಸಗಣಿ ಸುಟ್ಟ ಬೂದಿ. ನಿಮ್ಮ ಹಣಿ ಮ್ಯಾಲೆ ಏನೈತಿ? ಅದಾ ಇದು! ನಾಕು ಸಾವಿರ ವರ್ಷದ್ದು!”

ಸಭೆಗೆ ಸಭೆಯೇ ಎದ್ದು ನಿಂತಿತು. ಚಪ್ಪಾಳೆಗೆ ತಗಡಿನ ಮಾಡು ಅದುರಿತು. “ಬಾಗುಂದಿ ಸಾರ್, ಬಾಗುಂದಿ!” ಎಂದು ಯಾರೋ ತೆಲುಗಿನಲ್ಲಿ ಕೂಗಿದರು. ಮರಿಬಸಪ್ಪನವರು ವೇದಿಕೆ ಹತ್ತಿ, ಶೀಶೆ ಕಸಿದುಕೊಂಡು, ಮೂರು ಬೆರಳಿನಿಂದ ಬೂದಿ ತೆಗೆದು ಹಣೆಗೆ ಎಳೆದುಕೊಂಡರು. ಕಣ್ಣಲ್ಲಿ ನೀರು ಬಂದಿತ್ತು. ಆ ನೀರು ನಿಜವಾದದ್ದೇ, ಅದರಲ್ಲಿ ನನಗೆ ಅನುಮಾನವಿಲ್ಲ.

“ಮಾಸ್ತರ್, ಎಲ್ಲೈತ್ರಿ ಇದು?”

ಸರ್ ನನ್ನ ಕಡೆ ನೋಡಲಿಲ್ಲ. ಊರ ಹೆಸರು ಹೇಳಿದರು, ಹೊಲದ ಗುರುತು ಹೇಳಿದರು, ದೇವನಕೊಂಡದಿಂದ ಆಟೋ ಎಲ್ಲಿ ಸಿಗುತ್ತದೆಂಬುದನ್ನೂ ಹೇಳಿದರು.

ಮುಂದಿನ ಕಾರ್ತಿಕ ಸೋಮವಾರವೇ ಕ್ಷೇತ್ರ ಪ್ರವಾಸ. ಎರಡು ಬಸ್ಸು. ಕೂಟದ ಇತಿಹಾಸದಲ್ಲೇ ಅಷ್ಟು ಜನ ಸೇರಿದ್ದಿಲ್ಲ. ಹೆಂಗಸರು ಹಿತ್ತಾಳೆ ಚೊಂಬು, ತೆಂಗಿನಕಾಯಿ, ಬಿಲ್ವಪತ್ರೆ, ಜರಡಿ ಹಿಡಿದು ಬಂದರು. ಗಂಡಸರು ಮಿಲ್ಲಿನ ಖಾಲಿ ಹತ್ತಿ ಚೀಲ ಹಿಡಿದು ಬಂದರು. ನಾನು ರಜೆ ಹಾಕಿ ಹೋಗಿದ್ದೆ, ಏನಾದರೂ ತಡೆಯಬಹುದೆಂದು. ಯಂಕಣ್ಣ ಹೊಲದ ಬದುವಿನ ಮೇಲೆ ಕೋಲು ಹಿಡಿದು ಅಡ್ಡ ನಿಂತಿದ್ದ. ಬಸ್ಸಿನಿಂದ ಮೊದಲು ಇಳಿದ ಸರ್ ಅವರನ್ನು ನೋಡಿ ಕೋಲು ಕೆಳಗೆ ಇಳಿಸಿದ.

“ನೀವಾ ಕರ್ಕೊಂಡು ಬಂದೀರೇನ್ರಿ, ಸಾರ್?”

“ಸುಮ್ನ ನೋಡಿ ಹೋಗ್ತಾರ, ಯಂಕಣ್ಣ.”

ಯಂಕಣ್ಣ ದಾರಿ ಬಿಟ್ಟ. ಸರ್ ಸ್ಕೇಲು ಹಿಡಿದು ದಿಬ್ಬದ ಪದರ ತೋರಿಸತೊಡಗಿದರು. ಮೂರನೆಯ ಪದರಕ್ಕೆ ಬರುವಷ್ಟರಲ್ಲಿ ಜನ ದಿಬ್ಬದ ಮೇಲಿದ್ದರು. ಕಾಯಿ ಒಡೆದರು, ಮಂಗಳಾರತಿ ಎತ್ತಿದರು, ಸನಿಕೆಯಿಂದ ಅಗೆದರು, ಜರಡಿ ಹಿಡಿದರು. ಜರಡಿಯಲ್ಲಿ ಉಳಿದ ಮೂಳೆ, ಮಡಕೆ ಚೂರುಗಳನ್ನು ಮೈಲಿಗೆಯೆಂದು ಹೊಲದಂಚಿನ ಪಾಳು ಬಾವಿಗೆ ಎಸೆದರು. ಬಾವಿಗೆ! ಸರ್ ಬಾಯಿ ತೆರೆದು “ಬ್ಯಾಡ್ರಿ, ಇಷ್ಟು ಸಾಕ್ರಿ” ಎಂದದ್ದು ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ. ಅಷ್ಟರಲ್ಲಿ ಮರಿಬಸಪ್ಪನವರು ಅವರ ಕೊರಳಿಗೆ ಹಾರ ಹಾಕಿ, ಶಾಲು ಹೊದಿಸಿದರು. ಸರ್ ಫೋಟೋಕ್ಕೆ ನಿಂತರು. ಹಿಂದೆ ಸನಿಕೆ ಏಳುತ್ತಿತ್ತು, ಬೀಳುತ್ತಿತ್ತು. ನಾನೂ ಏನೂ ಕಡಿದು ಗುಡ್ಡೆ ಹಾಕಲಿಲ್ಲ. ಒಬ್ಬಾಕೆಯ ಕೈಯಿಂದ ಜರಡಿ ಕಿತ್ತುಕೊಂಡೆ. ಆಕೆ ನನ್ನನ್ನು ಹುಚ್ಚಿಯಂತೆ ನೋಡಿ ಇನ್ನೊಂದು ಜರಡಿ ತಂದಳು.

ಆಮೇಲಿನ ಎರಡು ಸೋಮವಾರ ಬಸ್ಸುಗಳು ಮೂರಾದವು, ನಾಲ್ಕಾದವು. ಮಿಲ್ಲಿನ ಹಿತ್ತಲಲ್ಲಿ ಬೂದಿಯನ್ನು ಹಾಲಿನಲ್ಲಿ ಕಲಸಿ ಗಟ್ಟಿ ಕಟ್ಟಿದರು. ಪ್ರತಿ ವಿಭೂತಿ ಗಟ್ಟಿಗೂ ಒಂದು ಪ್ಯಾಕೆಟ್ಟು. ಅದರ ಮೇಲೆ ಬಣ್ಣದ ಅಚ್ಚು: ‘ನಾಲ್ಕು ಸಾವಿರ ವರ್ಷದ ಪುರಾತನ ವಿಭೂತಿ. ವಿಜ್ಞಾನದಿಂದ ದೃಢಪಟ್ಟಿದೆ. ಸಂಶೋಧಕರು: ಶ್ರೀ ವಾಗೀಶ್, ಬಿ.ಎಸ್ಸಿ., ಬಿ.ಇಡಿ.’ ಊರಿನ ಮನೆಮನೆಗೆ ಪುಕ್ಕಟೆ ಹಂಚಿದರು. ಸ್ಟಾಫ್ ರೂಮಿನಲ್ಲಿ ಸರ್ ನನಗೂ ಒಂದು ಕೊಟ್ಟರು.

“ಬುಡದ ಪದರ ಇನ್ನ ಐತ್ರಿ, ಟೀಚರ್,” ಎಂದರು, ನಾನು ಕೇಳದಿದ್ದರೂ.

“ನೀವು ಹೋಗಿ ನೋಡೀರೇನ್ರಿ?”

ಅವರು ಹಾಜರಿ ಪುಸ್ತಕ ತೆಗೆದುಕೊಂಡು ಕ್ಲಾಸಿಗೆ ಹೋದರು. ನೋಡಲು ಹೋಗುವ ಧೈರ್ಯವೂ ಅವರಿಗಿರಲಿಲ್ಲ. ಪ್ಯಾಕೆಟ್ಟನ್ನು ನಾನು ಬ್ಯಾಗಿಗೆ ತುರುಕಿದೆ.

ಸಂಕ್ರಾಂತಿ ಕಳೆದ ವಾರ ಹರ್ಷಿತಾ ಬಂದಳು. ಬಳ್ಳಾರಿ ಕಡೆಯ ಹುಡುಗಿ, ಇಪ್ಪತ್ತೆಂಟು ಇರಬಹುದು, ಬೆನ್ನಿಗೆ ದೊಡ್ಡ ಚೀಲ, ಅದರಲ್ಲಿ ಕುಂಚ, ಕರಣೆ, ಟೇಪು. ಸರ್, ನಾನು, ಆಕೆ ಒಂದೇ ಆಟೋದಲ್ಲಿ ಹೋದೆವು. ದಾರಿಯುದ್ದಕ್ಕೂ ಆಕೆ ಸರ್ ಅವರ ನೋಟುಬುಕ್ಕನ್ನು ಹೊಗಳಿದಳು. ಹೊಗಳಿಕೆ ಬಂದೂ ಸರ್ ಸುಮ್ಮನಿದ್ದದ್ದು ನಾನು ಕಂಡದ್ದು ಅದೇ ಮೊದಲು.

ದಿಬ್ಬವಿದ್ದ ಜಾಗದಲ್ಲಿ ತಗ್ಗಿತ್ತು. ತಗ್ಗಿನ ತುಂಬ ಕಾಯಿ ಚಿಪ್ಪು, ಕರ್ಪೂರದ ಪ್ಯಾಕೆಟ್ಟು, ನೀರಿನ ಬಾಟಲಿ. ಬುಡದ ಪದರವೂ ಇರಲಿಲ್ಲ; ಅದರ ಕೆಳಗಿನ ಎರೆಮಣ್ಣೂ ಒಂದು ಗೇಣು ಹೋಗಿತ್ತು. ಹರ್ಷಿತಾ ತಗ್ಗಿಗಿಳಿದು, ಸುತ್ತ ಅಂಚನ್ನೆಲ್ಲ ಕರಣೆಯಿಂದ ಕೆರೆದು ನೋಡಿ, ಅರ್ಧ ಗಂಟೆಯ ಮೇಲೆ ಎದ್ದಳು. ಮರಿಬಸಪ್ಪನವರ ಕಾರು ಅಷ್ಟರಲ್ಲಿ ಬಂದು ನಿಂತಿತ್ತು. ಅವರ ಕೈಯಲ್ಲಿ ಆಕೆಗೆಂದು ತಂದ ಶಾಲು. ಹೊಲದ ಮನೆಯಿಂದ ಯಂಕಣ್ಣನೂ ಬಂದು ನಿಂತಿದ್ದ, ಹಿಂದೆ ಅವನ ತಾಯಿ.

“ಇದನ್ನ ಯಾರು ಅಗದಾರ್ರಿ?” ಹರ್ಷಿತಾ ಕೇಳಿದಳು. “ನಾನು ಸರ್ಕಾರಕ್ಕೆ ಬರೀಬೇಕು. ಹೆಸರು ಬೇಕು. ಅವರನ್ನ ಕರಸ್ತಾರ, ಕೇಸೂ ಆಗಬಹುದು.”

ಮರಿಬಸಪ್ಪನವರಿಗೆ ಒಂದು ಕ್ಷಣವೂ ತಡವಾಗಲಿಲ್ಲ. “ಈ ರೈತ್ರಿಗೆ ಏನು ತಿಳಿತೈತಮ್ಮ? ಗೊಬ್ಬರ ಅಂತ ಹೊಲಕ್ಕ ಹೊಡ್ಕೊಂಡಾರ. ನಾವು ಎಷ್ಟು ಹೇಳಿದ್ರೂ ಕೇಳಲಿಲ್ಲ.”

ಅವರ ಹಣೆಯ ಮೇಲೆ ಅದೇ ಬೂದಿ ಇತ್ತು. ಹರ್ಷಿತಾ ಸರ್ ಕಡೆ ತಿರುಗಿದಳು.

“ಹೌದೇನ್ರಿ, ಸರ್?”

ಸರ್ ಮರಿಬಸಪ್ಪನವರನ್ನು ನೋಡಿದರು, ಯಂಕಣ್ಣನನ್ನು ನೋಡಿದರು, ತಗ್ಗನ್ನು ನೋಡಿದರು. ಅಗೆದವರು ನಾವು, ಕರೆತಂದವನು ನಾನು ಎಂದರೆ ಮುಗಿಯುತ್ತಿತ್ತು. ಅವರು ಜೇಬಿನಲ್ಲಿದ್ದ ಆಕೆಯ ಕಾಗದವನ್ನು ಅರ್ಧ ತೆಗೆದು, ಮತ್ತೆ ಒಳಗೆ ತುರುಕಿದರು. ಮಾತು ಬರಲಿಲ್ಲ. ಮೂವತ್ತು ವರ್ಷ ಮಾತಾಡಿಯೇ ಬದುಕಿದ ಮನುಷ್ಯ!

ಯಂಕಣ್ಣ ಅವರ ಒದ್ದಾಟ ನೋಡಿದ. ತಲೆಗೆ ಸುತ್ತಿದ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡು ಮುಂದೆ ಬಂದ.

“ಹೌದ್ರಿ ಮೇಡಂ, ನಾನಾ ಹೊಡ್ಕೊಂಡೀನಿ. ಸಾರ್ ಬ್ಯಾಡ ಅಂದಿದ್ರು. ನಾ ಕೇಳಲಿಲ್ಲ. ನನ್ನ ಹೆಸರು ಬರ್ಕೊಳ್ರಿ.”

ಹರ್ಷಿತಾ ಅವನನ್ನು ತುಸು ಹೊತ್ತು ನೋಡಿದಳು. ತಗ್ಗಿನಲ್ಲಿದ್ದ ಕಾಯಿ ಚಿಪ್ಪುಗಳನ್ನೂ ನೋಡಿದಳು. ಆಕೆಗೆ ಅನುಮಾನ ಬಂದಿತ್ತು, ಅದಕ್ಕೇ ಇನ್ನೊಮ್ಮೆ ಸರ್ ಕಡೆ ತಿರುಗಿ ಕಾದಳು. ಸರ್ ನೆಲ ನೋಡುತ್ತಿದ್ದರು. ಆಕೆ ಬರೆದಳು. ಕೆಳಗೆ ಸಾಕ್ಷಿಯೆಂದು ಒಂದು ಸಹಿ ಬೇಕೆಂದಳು. ವಾಗೀಶ್ ಸರ್ ಕನ್ನಡಕ ಸರಿ ಮಾಡಿಕೊಂಡು, ಹಾಜರಿ ಪುಸ್ತಕಕ್ಕೆ ಮಾಡುವಷ್ಟೇ ನೀಟಾಗಿ ಸಹಿ ಮಾಡಿದರು.

ಇಷ್ಟೆಲ್ಲ ಆಗುವಾಗ ಅವರ ಹೆಸರು ಅಚ್ಚಾದ ಪ್ಯಾಕೆಟ್ಟು ನನ್ನ ಬ್ಯಾಗಿನಲ್ಲೇ ಇತ್ತು. ತೆಗೆದು ಹರ್ಷಿತಾಳ ಕೈಗೆ ಕೊಡಬಹುದಿತ್ತು. ಹತ್ತೊಂಬತ್ತು ವರ್ಷ ಒಟ್ಟಿಗೆ ಕೆಲಸ ಮಾಡಿದ ಮನುಷ್ಯ, ಮಾನ ಹೋದೀತು, ಪೆನ್ಶನ್ ಹತ್ತಿರ ಬಂದಿದೆ ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ನನ್ನ ಕೈ ಜಿಪ್ಪಿನ ಮೇಲೆಯೇ ಉಳಿಯಿತು. ವಾಗೀಶ್ ಸರ್ ಅವರನ್ನು ಇಷ್ಟು ಹೊತ್ತು ಜರಿದೆನಲ್ಲ, ನನಗೂ ಅದರಲ್ಲಿ ಪಾಲಿದೆ.

ಹರ್ಷಿತಾ ಊಟಕ್ಕೆ ನಿಲ್ಲಲಿಲ್ಲ, ಶಾಲು ಮುಟ್ಟಲಿಲ್ಲ. ಆಟೋ ಹಿಡಿದು ಹೋದಳು. ಮರಿಬಸಪ್ಪನವರು, “ಪಾಪ, ಹುಡುಗಿ ಬ್ಯಾಸರ ಮಾಡ್ಕೊಂಡ್ಲು,” ಎಂದು ಕಾರು ಹತ್ತಿದರು. ನಾವಿಬ್ಬರೂ ಹೊರಡಬೇಕೆಂದಾಗ ಯಂಕಣ್ಣ ಬಿಡಲಿಲ್ಲ.

“ಉಣ್ಣದಾ ಹೋದ್ರ ಹೆಂಗ್ರಿ, ಸಾರ್? ನನ್ ಮಗನ್ನ ನೀವಾ ನೋಡ್ಕೊಂಡು ಹೊಂಟೀರಿ. ಅವನು ಹತ್ತು ಪಾಸಾದ್ರ ಸಾಕು. ಕೇಸು ಗೀಸು ನಾ ನೋಡ್ಕೊಂತೀನಿ, ನೀವು ಚಿಂತಿ ಮಾಡಬ್ಯಾಡ್ರಿ.”

ಸರ್ ಒಳಗೆ ಬಂದು ಚಾಪೆಯ ಮೇಲೆ ಕೂತರು. ಶಂಕರಮ್ಮ ಜೋಳದ ರೊಟ್ಟಿ, ಬದನೆಕಾಯಿ, ಶೇಂಗಾ ಚಟ್ನಿ ಬಡಿಸಿದಳು. ಹೊಲದಲ್ಲಿ ಆಡಿದ ಮಾತು ಒಂದನ್ನೂ ಬಿಡದೆ ಆಕೆ ಕೇಳಿಸಿಕೊಂಡಿದ್ದಳು. ಮಜ್ಜಿಗೆಯ ಗಡಿಗೆ ತಂದು ಎದುರಿಗೆ ಕೂತಳು.

“ಮಾಸ್ತರ, ನಮ್ಮ ಭರತ್‌ಗೆ ಸಾಲ್ಯಾಗ ಏನು ಕಲಸ್ತೀರಿ ನೀವು?”

ಸರ್ ಬಾಯಲ್ಲಿದ್ದ ತುತ್ತು ನುಂಗಿದರು.

“ವಿಜ್ಞಾನ, ಅಮ್ಮ.”

ಶಂಕರಮ್ಮ ಅವರ ಲೋಟಕ್ಕೆ ಮಜ್ಜಿಗೆ ಬಗ್ಗಿಸಿದಳು. ಆಮೇಲೆ ಮಗನ ಕಡೆ ತಿರುಗಿ, ನಾವಿಬ್ಬರೂ ಅಲ್ಲಿ ಇಲ್ಲವೇ ಇಲ್ಲವೆಂಬಂತೆ, “ಯಂಕ, ಐತ್ವಾರ ಹೋಗಿ ಹುಡುಗನ್ನ ಕರ್ಕೊಂಡು ಬಾ. ದೇವನಕೊಂಡ ಸಾಲಿಗೆ ಹಾಕು,” ಎಂದಳು.

ಯಂಕಣ್ಣ ಎದ್ದ. ಸರ್ ಅವರ ತಾಟಿನಲ್ಲಿ ರೊಟ್ಟಿ ಮುಗಿದಿದ್ದನ್ನು ನೋಡಿ ಒಳಗೆ ಹೋಗಿ ಇನ್ನೊಂದು ತಂದು ಹಾಕಿದ. ಸರ್ ಅದನ್ನೂ ತಿಂದರು.